ಗಾಂಜಾ ತಡೆಗೆ ಕೇಂದ್ರದ ಹಣ: ಠಾಣೆಯವರೆಗೆ ಬರುತ್ತದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಕಾಲೇಜು ಹುಡುಗರ ಕೈಗೂ ಗಾಂಜಾ ಸಿಗುತ್ತಿದೆ. ಮಾದಕ ವಸ್ತು ಸಾಗಣೆ ತಡೆಯಲು ಕೇಂದ್ರ ಸರ್ಕಾರ ರಾಜ್ಯಗಳ ಪೊಲೀಸರಿಗೆ ಹಣ ಕೊಡುತ್ತದೆ ಎಂದು ಓದಿದ್ದೇನೆ. ಅದು ನಮ್ಮ ಠಾಣೆಗೆ ತಲುಪುತ್ತದೆಯೇ? ಸಾಗಣೆದಾರರಿಂದ ಮುಟ್ಟುಗೋಲು ಹಾಕಿಕೊಂಡ ಆಸ್ತಿ ಎಲ್ಲಿಗೆ ಹೋಗುತ್ತದೆ?
– ಓದುಗರೊಬ್ಬರು, ಶಿರಸಿ

ಉತ್ತರ: ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ರಾಜ್ಯದ ವಿಷಯವಾಗಿರುವುದರಿಂದ, ನಿಮ್ಮ ಠಾಣೆಯ ಸಿಬ್ಬಂದಿಯ ಸಂಬಳದಿಂದ ಹಿಡಿದು ಜೀಪಿನ ಡೀಸೆಲ್‌ವರೆಗಿನ ಖರ್ಚು ಮುಖ್ಯವಾಗಿ ರಾಜ್ಯದ ಆಯವ್ಯಯದಿಂದಲೇ ಬರುತ್ತದೆ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೇಂದ್ರದ ನೆರವು ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯ ಮೂಲಕವೂ, ಮಾದಕ ವಸ್ತು ನಿಯಂತ್ರಣಕ್ಕೆಂದೇ ಇರುವ, 1986ರಲ್ಲಿ ಸ್ಥಾಪನೆಯಾದ ಮಾದಕ ವಸ್ತು ನಿಯಂತ್ರಣ ಬ್ಯೂರೋ (ಎನ್‌ಸಿಬಿ) ನೋಡಿಕೊಳ್ಳುವ ನೆರವಿನ ಯೋಜನೆಯ ಮೂಲಕವೂ ರಾಜ್ಯಕ್ಕೆ ಬರುತ್ತದೆ. ಅದು ಸಾಮಾನ್ಯವಾಗಿ ವಾಹನ, ಪ್ರಯೋಗಾಲಯದ ಯಂತ್ರ, ಕಣ್ಗಾವಲು ಉಪಕರಣಗಳ ರೂಪ ತಾಳುತ್ತದೆಯೇ ಹೊರತು ಠಾಣೆಯ ಖಾತೆಗೆ ಜಮೆಯಾಗುವ ನಗದಲ್ಲ.

ಹಣ ಬಂದರೂ ಅದು ಯಾವುದಕ್ಕೆ ಖರ್ಚಾಗಬೇಕು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬಸ್ಸಿನಲ್ಲಿ 25 ಕಿಲೋ ಗಾಂಜಾ ಸಿಕ್ಕಿತು ಎಂದಿಟ್ಟುಕೊಳ್ಳಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ (ಮಾದಕ ವಸ್ತುಗಳನ್ನು ನಿಯಂತ್ರಿಸುವ ಕೇಂದ್ರದ ಕಾನೂನು) 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ, ಜಾಮೀನು ಬಹಳ ಕಷ್ಟ. ಶಿಕ್ಷೆ ಇಷ್ಟು ಕಠಿಣವಾಗಿರುವುದರಿಂದಲೇ ನ್ಯಾಯಾಲಯಗಳು ವಿಧಿವಿಧಾನವನ್ನು ಅಷ್ಟೇ ಕಟ್ಟುನಿಟ್ಟಾಗಿ ನೋಡುತ್ತವೆ. ಶೋಧನೆಯ ಪಂಚನಾಮೆ, ಸೆಕ್ಷನ್ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆಯುವುದು, ಮೊಹರು, ಮುದ್ದೆಮಾಲಿನ (ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತುವಿನ) ಸುರಕ್ಷಿತ ಸಂಗ್ರಹ ಇವುಗಳಲ್ಲಿ ಒಂದು ಎಡವಿದರೂ ಪ್ರಕರಣ ಬಿದ್ದುಹೋಗಬಹುದು. ವಶಪಡಿಸಿಕೊಂಡ ಮಾದಕ ವಸ್ತುವನ್ನು ಇಡಲು ಸರಿಯಾದ ಉಗ್ರಾಣಗಳಿಲ್ಲದ ಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟೇ 2016ರಲ್ಲಿ ಕಳವಳ ವ್ಯಕ್ತಪಡಿಸಿ ನಿರ್ದೇಶನ ನೀಡಿತ್ತು. ಇನ್ನು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಡವಾದರೆ ವಿಚಾರಣೆಯೇ ನಿಲ್ಲುತ್ತದೆ. ಅಪರಾಧಿ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚುವಂತೆಯೇ, ನಿರಪರಾಧಿಯಾಗಿದ್ದವನು ಜಾಮೀನಿಲ್ಲದೆ ಜೈಲಿನಲ್ಲಿ ಕೊಳೆಯುತ್ತಾನೆ. ಆದ್ದರಿಂದ ಹೊಸ ಜೀಪಿಗಿಂತ ಮೊದಲು ಪ್ರಯೋಗಾಲಯದಲ್ಲಿ ಖಾಲಿ ಇರುವ ಹುದ್ದೆಗಳನ್ನು ತುಂಬಲು, ಉಗ್ರಾಣ ಕಟ್ಟಲು ಹಣ ಸಲ್ಲಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆಸ್ತಿಯ ವಿಷಯಕ್ಕೆ ಬಂದರೆ, ಮಾದಕ ವಸ್ತುವಿನ ಹಣದಿಂದ ಗಳಿಸಿದ ಮನೆ, ಜಮೀನು, ಠೇವಣಿಗಳನ್ನು ತಡೆಹಿಡಿದು ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆಗೆ 1989ರಲ್ಲಿ 5ಎ ಅಧ್ಯಾಯವನ್ನು ಸೇರಿಸಲಾಯಿತು. ಹಾಗೆ ಮುಟ್ಟುಗೋಲಾದ ಆಸ್ತಿಯ ಮಾರಾಟದ ಹಣ ಸೆಕ್ಷನ್ 7ಎ ಅಡಿಯ ರಾಷ್ಟ್ರೀಯ ನಿಧಿಗೆ ಸೇರುತ್ತದೆ. ಆ ನಿಧಿ ಸಾಗಣೆ ತಡೆಗೂ, ವ್ಯಸನಿಗಳ ಚಿಕಿತ್ಸೆಗೂ ಬಳಕೆಯಾಗಬೇಕು. ಹಿಡಿದ ಠಾಣೆಗೆ ಅದರಲ್ಲಿ ನೇರ ಪಾಲಿಲ್ಲ. ಇದು ಸರಿಯೇ, ಏಕೆಂದರೆ ಠಾಣೆಯ ಆದಾಯ ಮುಟ್ಟುಗೋಲನ್ನು ಅವಲಂಬಿಸಿದರೆ ತನಿಖಾಧಿಕಾರಿಯ ಕಣ್ಣು ಸಾಗಣೆದಾರನಿಗಿಂತ ಅವನ ಆಸ್ತಿಯ ಮೇಲೆ ಬೀಳುತ್ತದೆ.

ನಿಮ್ಮ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಮಾದಕ ವಸ್ತು ನಿಯಂತ್ರಣ ಸಮನ್ವಯ ಸಮಿತಿ ಇರುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ, ಜಿಲ್ಲೆಯ ಎಷ್ಟು ಎನ್‌ಡಿಪಿಎಸ್ ಪ್ರಕರಣಗಳಲ್ಲಿ ಪ್ರಯೋಗಾಲಯದ ವರದಿ ಬಾಕಿ ಇದೆ ಮತ್ತು ಅದು ಎಷ್ಟು ತಿಂಗಳಿನಿಂದ ಬಾಕಿ ಇದೆ ಎಂದು ಕೇಳಿ ನೋಡಿ. ಸಾಗಣೆಯ ಸುಳಿವು ಇದ್ದರೆ ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ಕರೆ ಮಾಡಬಹುದು.