ಸೋಫಾ, ಕಾರ್ಪೆಟ್ ಮತ್ತು ಕೊಡಗಿನ ಮಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿಯುವ ಮೊದಲು ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬಹುಪಾಲು ಪ್ರಶ್ನೆಗಳ ಹಿಂದಿರುವುದು ತೇವವೇ. ಶೋರೂಮಿನಲ್ಲಿ ಕೂತು ನೋಡುವಾಗ ಸೋಫಾ ಮೆತ್ತಗಿದೆಯೇ ಎಂದು ಕೇಳುವವರು, ಜುಲೈ ತಿಂಗಳಲ್ಲಿ ಇದು ಹೇಗಿರುತ್ತದೆ ಎಂದೂ ಕೇಳಬೇಕು.

ಪ್ರಶ್ನೆ: ಮೂರು ವರ್ಷದ ಹಿಂದೆ ತಂದ ಲೆದರೆಟ್ ಸೋಫಾದ ಮೇಲ್ಪದರ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಬಿಸಿಲು ಬೀಳುವ ಜಾಗವೂ ಅಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ? — ನಾಪೋಕ್ಲು

ಉತ್ತರ: ನಿಲ್ಲುವುದಿಲ್ಲ. ಎಣ್ಣೆ ಹಚ್ಚಿದರೆ ಇನ್ನೂ ಬೇಗ ಬಿಡಬಹುದು. ನಿಮ್ಮ ಸೋಫಾದ ಹೊದಿಕೆ ಚರ್ಮವಲ್ಲ, ಬಟ್ಟೆಯ ಮೇಲೆ ಕೂರಿಸಿದ ಪಾಲಿಯುರೆಥೇನ್‌ನ ತೆಳು ಪದರ. ಅಂಗಡಿಯವರು ‘ಪಿಯು’ ಎನ್ನುವುದು ಇದನ್ನೇ. ಗಾಳಿಯಲ್ಲಿರುವ ತೇವ ಈ ಪದರದ ರಾಸಾಯನಿಕ ಕೊಂಡಿಗಳನ್ನು ನಿಧಾನಕ್ಕೆ ಕಡಿಯುತ್ತ ಹೋಗುತ್ತದೆ. ಯಾರೂ ಕೂರದೆ ಮುಚ್ಚಿಟ್ಟ ಸೋಫಾ ಕೂಡ ಸುಲಿಯುವುದು ಇದೇ ಕಾರಣಕ್ಕೆ. ಬೆವರು, ತಲೆಯ ಎಣ್ಣೆ ತಾಗುವ ಕಡೆ ಮೊದಲು ಕಾಣಿಸುತ್ತದೆ, ಅಷ್ಟೆ.

ಒಮ್ಮೆ ಸುಲಿಯತೊಡಗಿದರೆ ಬಣ್ಣ, ಅಂಟು ಯಾವುದೂ ಹೆಚ್ಚು ದಿನ ನಿಲ್ಲದು. ಒಳಗಿನ ಚೌಕಟ್ಟು ಗಟ್ಟಿಯಿದ್ದರೆ ಹೊದಿಕೆಯನ್ನೇ ಬದಲಿಸಿ. ಮೂವರು ಕೂರುವ ಸೋಫಾಕ್ಕೆ 54 ಇಂಚು ಅಗಲದ ಬಟ್ಟೆ ಸುಮಾರು 8ರಿಂದ 10 ಮೀಟರ್ ಬೇಕು. ದೊಡ್ಡ ಹೂವಿನ ಡಿಸೈನ್ ಆದರೆ ಹೊಂದಿಸಲು ಇನ್ನೆರಡು ಮೀಟರ್ ಇಟ್ಟುಕೊಳ್ಳಿ. ಕೊಡಗಿನ ಮನೆಗೆ ನಮ್ಮ ಮೊದಲ ಆಯ್ಕೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆ, ಕುಶನ್‌ಗಳಿಗೆ ಜಿಪ್ ಇರುವ ಕವರ್. ರೆಕ್ಸಿನ್ನೇ ಬೇಕೆಂದರೆ ಪಿವಿಸಿಯದ್ದನ್ನು ಕೇಳಿ ಪಡೆಯಿರಿ. ಅದು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡಬಹುದು, ಆದರೆ ತೇವಕ್ಕೆ ಪಿಯು ಥರ ಸುಲಿಯುವುದಿಲ್ಲ.

ಪ್ರಶ್ನೆ: ನಮ್ಮದು ನಿಜವಾದ ಚರ್ಮದ ಸೋಫಾ. ಪ್ರತಿ ಮಳೆಗಾಲ ಬಿಳಿ ಬೂಷ್ಟು. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತದೆ. — ಭಾಗಮಂಡಲ

ಉತ್ತರ: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿಗೆ ನೀರು ಕೊಟ್ಟಂತಾಗುತ್ತದೆ. ಮೊದಲು ಮೂಗಿಗೆ ಮಾಸ್ಕ್ ಹಾಕಿ, ಸಾಧ್ಯವಾದರೆ ಸೋಫಾವನ್ನು ಜಗಲಿಗೆ ತಂದು, ಒಣ ಮೃದು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಅರ್ಧ, ನೀರು ಅರ್ಧ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಹಿಂಬದಿಯ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಪಿಯು ರೆಕ್ಸಿನ್‌ಗೆ ಇದನ್ನು ಹಾಕಬೇಡಿ. ಒರೆಸಿದ ಮೇಲೆ ಫ್ಯಾನ್ ಕೆಳಗೆ ಪೂರ್ತಿ ಆರಿಸಿ.

ಮತ್ತೆ ಬರದಿರಬೇಕಾದರೆ ಜಾಗ ಬದಲಿಸಬೇಕು. ಹೊರಗೋಡೆಗೆ ಅಂಟಿಸಿಟ್ಟ ಸೋಫಾದ ಬೆನ್ನಿಗೆ ಗಾಳಿಯೇ ಆಡುವುದಿಲ್ಲ. ಗೋಡೆಯಿಂದ ಕನಿಷ್ಠ 4 ಇಂಚು ಮುಂದಕ್ಕೆ ಎಳೆಯಿರಿ. ಸೋಫಾವನ್ನು ಬೋರಲು ಹಾಕಿ ತಳದ ಕಪ್ಪು ಬಟ್ಟೆಯನ್ನೂ ನೋಡಿ, ಅನೇಕ ಸಲ ಬೂಷ್ಟಿನ ಬೇರು ಇರುವುದು ಅಲ್ಲೇ. ಕೋಣೆಯ ತೇವಾಂಶ ಶೇ 60 ದಾಟದಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಅಳೆಯಲು ಹೈಗ್ರೊಮೀಟರ್ ಕಡಿಮೆ ಬೆಲೆಗೇ ಸಿಗುತ್ತದೆ. ಭಾಗಮಂಡಲದಂಥ ಕಡೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಲ್ಲದೆ ಆ ಮಟ್ಟಕ್ಕೆ ಇಳಿಸುವುದು ಕಷ್ಟವೇ. ಅದು ಓಡುವಾಗ ಕಿಟಕಿ ಮುಚ್ಚಿರಲಿ. ತೆರೆದಿಟ್ಟರೆ ಹೊರಗಿನ ಮಂಜನ್ನೇ ಒಣಗಿಸುತ್ತ ಕೂರುತ್ತದೆ.

ಪ್ರಶ್ನೆ: ಹಳೆಯ ಮನೆ, ರೆಡ್ ಆಕ್ಸೈಡ್ ನೆಲ. ಹಜಾರಕ್ಕೆ ಹಾಕಿದ 6x9 ಅಡಿಯ ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತಿದೆ. ಅದರ ಮೇಲೆ ಯಾರೂ ನೀರು ಚೆಲ್ಲಿಲ್ಲ. — ಮಡಿಕೇರಿ

ಉತ್ತರ: ನೀರು ಕೆಳಗಿನಿಂದ ಬರುತ್ತಿರಬಹುದು. ಹೀಗೆ ನೋಡಿ: ಒಂದೂವರೆ ಅಡಿ ಚದರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ನೀರಹನಿ ಕೂತಿದ್ದರೆ, ಅಥವಾ ಅಲ್ಲಿ ಮಾತ್ರ ನೆಲದ ಬಣ್ಣ ಗಾಢವಾಗಿದ್ದರೆ, ತೇವ ನೆಲದೊಳಗಿನದು. ಹಾಳೆಯ ಮೇಲ್ಬದಿ ಒದ್ದೆಯಾಗಿದ್ದರೆ ಅದು ಗಾಳಿಯದು.

ನೆಲದ್ದಾದರೆ ರಬ್ಬರ್ ತಳದ ಕಾರ್ಪೆಟ್ ಹಾಕಲೇಬಾರದು. ತೇವ ಕೆಳಗೇ ಸಿಕ್ಕಿಕೊಳ್ಳುತ್ತದೆ, ಹಳತಾದ ರಬ್ಬರ್ ಆಕ್ಸೈಡ್ ನೆಲಕ್ಕೆ ಕಚ್ಚಿ ಕಲೆ ಬಿಡುತ್ತದೆ. ನಿಮ್ಮ ಕಾರ್ಪೆಟ್ಟನ್ನು ಮಗುಚಿ ನೋಡಿ. ಮುಂದಿನ ಚಿತ್ತಾರವೇ ಹಿಂದೆಯೂ ಗಂಟುಗಂಟಾಗಿ ಕಂಡರೆ ನೇಯ್ದದ್ದು. ಬರೀ ಒರಟು ಬಟ್ಟೆ ಅಂಟಿಸಿದ್ದರೆ ‘ಟಫ್ಟೆಡ್’, ಅಂದರೆ ನೂಲನ್ನು ಲೇಟೆಕ್ಸ್ ಅಂಟಿನಿಂದ ಹಿಡಿಸಿದ್ದು. ಲೇಟೆಕ್ಸ್ ಕೊಳೆತು ಪುಡಿ ಉದುರತೊಡಗಿದ ಮೇಲೆ ಆ ವಾಸನೆ ತೊಳೆದರೂ ಹೋಗದು. ಅಂಥದಕ್ಕೆ ಡ್ರೈಕ್ಲೀನಿಂಗ್ ದುಡ್ಡು ಸುರಿಯಬೇಡಿ.

ನಮ್ಮ ಸಲಹೆ ಕೆಲವರಿಗೆ ಹಿಡಿಸದು: ಜೂನ್ ಮೊದಲ ವಾರ ಕಾರ್ಪೆಟ್ ಸುತ್ತಿಡಿ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ನೆಲೆಯೂರಿದ ಮೇಲೆ ಹಾಸಿ. ನಡುವೆ ಹತ್ತಿಯ ಜಮಖಾನ ಸಾಕು, ಕೊಳೆಯಾದರೆ ಒಗೆಯಬಹುದು. ಸುತ್ತುವ ಮುಂಚೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಮೇ ತಿಂಗಳ ಬಿಸಿಲಿಗೆ ಖಾಲಿಯಾಗಿರುವ ಕಾಫಿ ಕಣದಲ್ಲಿ ತಳ ಮೇಲಾಗಿ ಎರಡು ಮೂರು ಗಂಟೆ ಹಾಕಿ. ಪೂರ್ತಿ ತಣಿದ ಮೇಲೆ ಸುತ್ತಿ. ಮಡಚಬೇಡಿ, ಮಡಿಕೆಯಲ್ಲಿ ನೂಲು ಮುರಿಯುತ್ತದೆ. ಹಳೆಯ ಕಾಟನ್ ಸೀರೆ ಸುತ್ತಿದರೆ ಒಳ್ಳೆಯದು, ಪ್ಲಾಸ್ಟಿಕ್ ಬೇಡ. ಸೌದೆ ಒಲೆಯಿರುವ ಮನೆಯಲ್ಲಿ ಅಟ್ಟ ಎಲ್ಲಕ್ಕಿಂತ ಒಣ ಜಾಗ, ಆದರೆ ಹೊಗೆ ನೇರ ತಾಗುವ ಕಡೆ ಬೇಡ.

ಹೊಸದು ಕೊಳ್ಳುವುದಾದರೆ ಸೆಣಬಿನದನ್ನು ಬಿಟ್ಟುಬಿಡಿ, ಒದ್ದೆಯಾದರೆ ಕಂದು ಕಲೆ ಎದ್ದು ಹಾಗೇ ಉಳಿಯುತ್ತದೆ. ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ಇನ್ನೂ ನಾಜೂಕು, ನೀರು ಬಿದ್ದರೆ ಅದರ ಎಳೆಯ ಬಲವೇ ಕುಗ್ಗುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರದು, ಆದರೆ ಸಿಕ್ಕಿಕೊಂಡ ಧೂಳಿಗೆ ಬೂಷ್ಟು ಬರುತ್ತದೆ. ವಾರಕ್ಕೊಮ್ಮೆ ಎತ್ತಿ ಅಡಿ ಒರೆಸಿ.

ಪ್ರಶ್ನೆ: 7 ಅಡಿ ಸೋಫಾದ ಮುಂದೆ ಎಷ್ಟು ದೊಡ್ಡ ಕಾರ್ಪೆಟ್? — ಗೋಣಿಕೊಪ್ಪ

ಉತ್ತರ: ಉದ್ದ 8ರಿಂದ 9 ಅಡಿ. ಸೋಫಾದ ಎರಡೂ ಪಕ್ಕ ಅರ್ಧರ್ಧ ಅಡಿಯಾದರೂ ಹೊರಗೆ ಕಾಣಬೇಕು, ಮುಂಗಾಲುಗಳು ಅದರ ಮೇಲೆ ಕೂರಬೇಕು. ಟೀಪಾಯಿ ಅಡಿಗೆ ಮಾತ್ರ ಹಾಕುವ 3x5 ಅಡಿಯದು ಕಾಲಿಗೆ ಸಿಕ್ಕಿ ಜಾರುತ್ತದೆ.

ಪ್ರಶ್ನೆ: ಹಬ್ಬದ ಊಟದಲ್ಲಿ ಬಟ್ಟೆ ಸೋಫಾದ ಮೇಲೆ ಪಂದಿಕರಿ ಚೆಲ್ಲಿತು. ಸೋಪು ಹಾಕಿ ತಿಕ್ಕಿದಾಗ ಹಳದಿ ಕಲೆ ಕೆಂಪಾಯಿತು! ಜಿಗಣೆ ಕಚ್ಚಿದ ರಕ್ತದ ಕಲೆಯನ್ನೂ ತೆಗೆಯುವುದು ಹೇಗೆ? — ವಿರಾಜಪೇಟೆ

ಉತ್ತರ: ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಬಟ್ಟೆ ಸೋಪು, ಅಡುಗೆ ಸೋಡ ಎರಡೂ ಕ್ಷಾರವೇ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಒತ್ತಿದರೆ ಮತ್ತೆ ಹಳದಿಗೆ ಬರುತ್ತದೆ. (ಪಂದಿಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ಸುರಿಯಬೇಡಿ, ಅದರ ಕಪ್ಪು ಬೇರೆ ಕಲೆಯಾಗುತ್ತದೆ.) ಉಳಿದ ಹಳದಿಯನ್ನು ಬಿಸಿಲೇ ತೆಗೆಯುತ್ತದೆ, ಕವರ್ ಕಳಚಿ ಎರಡು ಮೂರು ದಿನ ಒಣಹಾಕಿ.

ಮುಂದಿನ ಸಲ ಮೊದಲು ಚಮಚದಲ್ಲಿ ಕೆರೆದೆತ್ತಿ, ಜಿಡ್ಡಿನ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ ಅರ್ಧ ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ. ಆಮೇಲೆ ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕಾಲು ಚಮಚ. ಅಂಚಿನಿಂದ ನಡುವಿಗೆ ಒತ್ತುತ್ತ ಬನ್ನಿ, ತಿಕ್ಕಬೇಡಿ. ಸೋಫಾದ ಲೇಬಲ್ ನೋಡಿಕೊಳ್ಳಿ: ‘ಡಬ್ಲ್ಯೂ’ ಇದ್ದರೆ ನೀರು ಬಳಸಬಹುದು, ‘ಎಸ್’ ಮಾತ್ರ ಇದ್ದರೆ ನೀರು ಕೂಡದು, ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಮಾತ್ರ. ರಕ್ತಕ್ಕೆ ತಣ್ಣೀರು, ಉಪ್ಪು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಬೆಂದು ಎಳೆಗೆ ಕಚ್ಚಿಬಿಡುತ್ತದೆ.

ಪ್ರಶ್ನೆ: ತೋಟದ ಸಿಲ್ವರ್ ಓಕ್ ಕಡಿಸಿದ್ದೇವೆ. ಅದರಲ್ಲೇ ಸೋಫಾ ಮಾಡಿಸಬಹುದೇ? ಫೋಮ್ ಯಾವುದು ಹಾಕಿಸಬೇಕು? — ಸೋಮವಾರಪೇಟೆ

ಉತ್ತರ: ಮಾಡಿಸಬಹುದು, ಹಸಿ ಮರದಲ್ಲಿ ಮಾತ್ರ ಬೇಡ. ಸಿಲ್ವರ್ ಓಕ್ ಹುಳಕ್ಕೆ ಸುಲಭದ ತುತ್ತು. ಹಲಗೆ ಕೊಯ್ಸಿದ ಕೂಡಲೇ ಬೊರಾಕ್ಸ್–ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ, ನಡುವೆ ಪಟ್ಟಿ ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ. ತೇವ ಶೇ 12ರ ಸುಮಾರಿಗೆ ಇಳಿಯುವವರೆಗೆ ಬಡಗಿಗೆ ಕೊಡಬೇಡಿ. ಮಳೆಗಾಲ ನಡುವೆ ಬಂದರೆ ಅಷ್ಟೂ ತಿಂಗಳು ಲೆಕ್ಕಕ್ಕಿಲ್ಲ. ಭಾರ ಹೊರುವ ಕಾಲು, ಅಡ್ಡಪಟ್ಟಿಗೆ ತೇಗ ಅಥವಾ ಹಲಸು ಹಾಕಿಸಿ. ಕಾಲು 6 ಇಂಚು ಎತ್ತರವಿರಲಿ, ಪೊರಕೆಯೂ ಹೋಗುತ್ತದೆ ಗಾಳಿಯೂ ಹೋಗುತ್ತದೆ. ಪ್ಲೈವುಡ್ ಬೇಕಾದ ಕಡೆ ಐಎಸ್ 710 ಗುರುತಿನದು, ಅಂದರೆ ನೀರು ತಾಳುವ ಮರೈನ್ ಪ್ಲೈ.

ಫೋಮ್ ಕೂರುವ ಭಾಗಕ್ಕೆ 40 ಡೆನ್ಸಿಟಿ, ಬೆನ್ನಿಗೆ ಅದಕ್ಕಿಂತ ಕಡಿಮೆಯದ್ದು ನಡೆಯುತ್ತದೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್‌ಗೆ ಎಷ್ಟು ಕಿಲೋ ಎಂಬ ಲೆಕ್ಕ, ಹಾಗಾಗಿ ತಕ್ಕಡಿಯಲ್ಲೇ ಪರೀಕ್ಷಿಸಬಹುದು. 22 ಇಂಚು ಚದರ, 5 ಇಂಚು ದಪ್ಪದ ತುಂಡು 40 ಡೆನ್ಸಿಟಿಯಾದರೆ ಸುಮಾರು 1.6 ಕಿಲೋ ತೂಗಬೇಕು. 1.27 ಕಿಲೋ ಬಂದರೆ ಅದು 32ರದ್ದು. ಕವರ್ ಹೊಲಿಯುವ ಮುಂಚೆಯೇ ತೂಗಿಸಿ. ಹೊಲಿದ ಮೇಲೆ ಬಿಚ್ಚಿ ತೋರಿಸುವವರು ಸಿಗುವುದು ಕಡಿಮೆ.