1820ರ ಮಹಾಗನಿ ಪೆಟ್ಟಿಗೆಗೆ ಕರ್ಪೂರದ ವಾಸನೆ ಯಾಕೆ?

1820ರ ಮಹಾಗನಿ ಮರದ್ದು ಅಂತ ಮಾರುತ್ತಿರುವ ಹಳೇ ಪೆಟ್ಟಿಗೆಯೊಂದನ್ನು ಕೊಳ್ಳಲು ಹೊರಟು ಈ ಪ್ರಶ್ನೆ ಕೇಳಿದ್ದೀರಿ. ಅದರ ಕೆತ್ತನೆ ತುಂಬಾ ದೋಣಿ, ಬಿದಿರು, ಮಂಟಪ. ಮುಚ್ಚಳ ತೆರೆದರೆ ಕರ್ಪೂರದ ವಾಸನೆ ಅಂದಿದ್ದೀರಿ. ಅದು ಮಹಾಗನಿ ಅಲ್ಲ, ಕರ್ಪೂರದ ಮರ ಇರಬೇಕು. 20ನೇ ಶತಮಾನದಲ್ಲಿ ಹಾಂಗ್‌ಕಾಂಗ್ ಕಡೆ ಮಾಡಿದ್ದಾಗಿರುವ ಸಾಧ್ಯತೆಯೇ ಜಾಸ್ತಿ. ಕೆಂಪು ಪಾಲಿಶ್ ಹೊಡೆದರೆ ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಒಳಗೆ ನುಸಿಗುಳಿಗೆ ಇಟ್ಟಿದ್ದರೂ ವಾಸನೆ ಬರುತ್ತದೆ ಅಲ್ವಾ? ಮೊದಲು ಖಾಲಿ ಮಾಡಿಸಿ, ಗಾಳಿಗೆ ತೆರೆದಿಡಿಸಿ, ಮತ್ತೆ ಮೂಸಿ ನೋಡಿ. ಆಮೇಲೆ ಟಾರ್ಚ್ ಹಿಡಿದು ತಳ ನೋಡಿ. ಬಿಲ್ಲಿನಂತೆ ಬಾಗಿದ ಗೀರುಗಳಿದ್ದರೆ ಅದು ಚಕ್ರಗರಗಸದಲ್ಲಿ ಕೊಯ್ದ ಹಲಗೆ, 1820ರದ್ದು ಅನ್ನುವುದು ಅನುಮಾನ. ಕೊನೆಗೆ ಕೀಲಿನ ಸ್ಕ್ರೂ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ದುರಸ್ತಿಯಲ್ಲಿ ಬದಲಿಸಿರಲೂಬಹುದು, ಪಕ್ಕದಲ್ಲಿ ಹಳೇ ತೂತು ಇದೆಯಾ ಹುಡುಕಿ.

ಮರದ ಹೆಸರು, ಕಾಲ ಎರಡನ್ನೂ ಬಿಲ್‌ನಲ್ಲಿ ಬರೆದುಕೊಡಿ ಅನ್ನಿ. ಮಾರುವವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.