ಯಾವ ಕೋರ್ಸ್ ‘ಸೈನ್ಸ್’ ಲೆಕ್ಕಕ್ಕೆ ಸೇರುತ್ತದೆ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಡಿಗ್ರಿ ಮೂರನೇ ವರ್ಷದಲ್ಲಿದ್ದಾಳೆ. ಅಲ್ಲಿಯೇ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಾಳೆ. ಸೈನ್ಸ್ ಜಿಪಿಎಯನ್ನು ಬೇರೆಯೇ ಲೆಕ್ಕ ಹಾಕುತ್ತಾರಂತೆ. ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ನ್ಯೂಟ್ರಿಷನ್, ಬಯೋಮೆಡಿಕಲ್ ಎಂಜಿನಿಯರಿಂಗ್ ಇವೆಲ್ಲ ಅದರಲ್ಲಿ ಬರುತ್ತವೆಯೇ?
– ಒಬ್ಬ ತಂದೆ, ಕದ್ರಿ, ಮಂಗಳೂರು

ಉತ್ತರ: ನೀವು ಹೆಸರಿಸಿದ ನಾಲ್ಕರಲ್ಲಿ ಖಚಿತವಾಗಿ ಸೇರುವುದು ಸ್ಟ್ಯಾಟಿಸ್ಟಿಕ್ಸ್ ಒಂದೇ. ಅಲ್ಲಿನ ಎಂ.ಡಿ. (ನಮ್ಮ ಎಂಬಿಬಿಎಸ್‌ನಂತೆ ಅಲ್ಲಿನ ಮೊದಲ ವೈದ್ಯ ಪದವಿ) ಕಾಲೇಜುಗಳ ಅರ್ಜಿ ಹೆಚ್ಚಾಗಿ ಹೋಗುವುದು ‘ಆಮ್ಕಾಸ್’ ಎಂಬ ಒಂದೇ ವ್ಯವಸ್ಥೆಯ ಮೂಲಕ. ಅದು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕನ್ನು ಸೇರಿಸಿ ‘ಬಿಸಿಪಿಎಂ’ ಎನ್ನುತ್ತದೆ. ಬಯೋಸ್ಟ್ಯಾಟಿಸ್ಟಿಕ್ಸ್ ಕೂಡ ಗಣಿತದ ಕೆಳಗೇ ಬರುತ್ತದೆ. ಸೈಕಾಲಜಿ ಸಮಾಜ ವಿಜ್ಞಾನಕ್ಕೂ ನ್ಯೂಟ್ರಿಷನ್ ಆರೋಗ್ಯ ವಿಜ್ಞಾನಕ್ಕೂ ಹೋಗುತ್ತವೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್, ಭೂವಿಜ್ಞಾನ ಎಲ್ಲವೂ ಹೊರಗೆ.

ಕೋರ್ಸಿನ ವರ್ಗವನ್ನು ಅರ್ಜಿಯಲ್ಲಿ ಮಗಳೇ ತುಂಬುವಾಗ ನೋಡಬೇಕಾದದ್ದು ಡಿಪಾರ್ಟ್‌ಮೆಂಟಿನ ಹೆಸರನ್ನಲ್ಲ, ಕೋರ್ಸಿನ ಮುಖ್ಯ ವಿಷಯ ಏನೆಂಬುದನ್ನು. ಸೈಕಾಲಜಿ ವಿಭಾಗವೇ ಕಲಿಸಿದರೂ ಪಾಠವೆಲ್ಲ ನರಕೋಶ, ಮೆದುಳಿನ ರಚನೆಯ ಬಗ್ಗೆ ಇದ್ದರೆ ಅದು ನ್ಯೂರೋಸೈನ್ಸ್, ಅಂದರೆ ಬಯಾಲಜಿ. ಇಂಥ ಗಡಿಯ ಮೇಲಿನ ಕೋರ್ಸುಗಳ ಸಿಲೆಬಸ್ ಪ್ರತಿಯನ್ನು ಮಗಳು ಈಗಲೇ ತೆಗೆದಿಟ್ಟುಕೊಳ್ಳಲಿ. ಯಾರಾದರೂ ಪ್ರಶ್ನಿಸಿದರೆ ವಾರವಾರದ ಪಾಠದ ಪಟ್ಟಿಗಿಂತ ಗಟ್ಟಿ ಆಧಾರ ಬೇರೆ ಸಿಗುವುದಿಲ್ಲ.

ಲೆಕ್ಕ ಹೀಗೆ: ಎ ಗೆ 4.0, ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3, ಬಿ ಗೆ 3.0. ಇದನ್ನು ಕ್ರೆಡಿಟ್‌ನಿಂದ ಗುಣಿಸಿ, ಮೊತ್ತವನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ಬಯಾಲಜಿ 3 ಕ್ರೆಡಿಟ್, ಬಿ ಪ್ಲಸ್ (9.9), ಅದರ ಲ್ಯಾಬ್ 1 ಕ್ರೆಡಿಟ್, ಎ (4.0), ಆರ್ಗ್ಯಾನಿಕ್ ಕೆಮಿಸ್ಟ್ರಿ 4 ಕ್ರೆಡಿಟ್, ಬಿ (12.0), ಸ್ಟ್ಯಾಟಿಸ್ಟಿಕ್ಸ್ 3 ಕ್ರೆಡಿಟ್, ಎ ಮೈನಸ್ (11.1) ಎಂದುಕೊಳ್ಳಿ. ಒಟ್ಟು 37.0, ಭಾಗಿಸು 11, ಅಂದರೆ 3.36. ಸ್ಟ್ಯಾಟಿಸ್ಟಿಕ್ಸನ್ನು ‘ಇದು ಸೈನ್ಸ್ ಅಲ್ಲ’ ಎಂದು ಬಿಟ್ಟುಬಿಟ್ಟರೆ 3.24ಕ್ಕೆ ಇಳಿಯುತ್ತದೆ. ಎ ಬಂದ 3 ಕ್ರೆಡಿಟ್‌ನ ಎಂಜಿನಿಯರಿಂಗ್ ಕೋರ್ಸನ್ನು ಬಯಾಲಜಿ ಎಂದು ತುಂಬಿದರೆ 3.50 ಕಾಣುತ್ತದೆ. ಆದರೆ ಅದು ನಿಲ್ಲುವುದಿಲ್ಲ: ಆಮ್ಕಾಸ್ ಸಿಬ್ಬಂದಿ ಕಾಲೇಜಿನ ಅಧಿಕೃತ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡುತ್ತಾರೆ, ಸ್ಪಷ್ಟವಾಗಿ ತಪ್ಪಿರುವ ವರ್ಗವನ್ನು ಬದಲಾಯಿಸುತ್ತಾರೆ.

ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಅರ್ಜಿಯಲ್ಲಿ ಯಾವುದಾದರೂ ಕೋರ್ಸ್ ಬಿಟ್ಟುಹೋದಾಗ. ನಡುವೆ ಕೈಬಿಟ್ಟು ‘ಡಬ್ಲ್ಯು’ ಬಂದದ್ದನ್ನೂ ಬರೆಯಬೇಕು. ನೆನಪಿನಿಂದ ತುಂಬುವುದು ಬೇಡವೇ ಬೇಡ. ಟ್ರಾನ್ಸ್‌ಕ್ರಿಪ್ಟಿನ ಪ್ರತಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಹೆಸರು, ನಂಬರು, ಕ್ರೆಡಿಟ್‌ಗಳನ್ನು ಹಾಗೆಯೇ ಇಳಿಸಲಿ. ಕೋರ್ಸ್ ಬಿಟ್ಟುಹೋಗಿ ಅರ್ಜಿ ಹಿಂದಕ್ಕೆ ಬಂದರೆ ವಾರಗಟ್ಟಲೆ ಸಮಯ ಹೋಗುತ್ತದೆ. ಬಂದ ಅರ್ಜಿಗಳನ್ನು ಬಂದಂತೆಯೇ ನೋಡುವ ಕಾಲೇಜುಗಳೇ ಅಲ್ಲಿ ಹೆಚ್ಚು, ಹಾಗಾಗಿ ಈ ವಿಳಂಬ ತುಂಬಾ ದುಬಾರಿ.

ಸೆಮಿಸ್ಟರ್ ಬದಲು ಇನ್ನೂ ಚಿಕ್ಕ ಅವಧಿಗಳಿರುವ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ, ನಿಮ್ಮ ಲೆಕ್ಕಕ್ಕೆ ಕ್ರೆಡಿಟನ್ನು ಮೂರರಲ್ಲಿ ಎರಡು ಪಾಲು ಮಾಡಿಕೊಳ್ಳಿ: 5 ಕ್ವಾರ್ಟರ್ ಕ್ರೆಡಿಟ್ ಅಂದರೆ ಸುಮಾರು 3.3 ಸೆಮಿಸ್ಟರ್ ಕ್ರೆಡಿಟ್.

ಪ್ರಶ್ನೆ: ಅಣ್ಣನ ಮಗ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ತೆಗೆದು, ಮತ್ತೆ ಅದೇ ಕೋರ್ಸ್ ಮಾಡಿ ಎ ಪಡೆದ. ಕಾಲೇಜು ಹಳೆಯ ಗ್ರೇಡ್ ತೆಗೆದುಹಾಕಿ ಜಿಪಿಎ ಕೊಟ್ಟಿದೆ. ಅದನ್ನೇ ಹಾಕಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಸಪ್ಲಿಮೆಂಟರಿ ಬರೆದು ಪಾಸಾದರೆ ಹಳೆಯದು ಮುಗಿಯಿತು ಅನ್ನುವುದು ನಮ್ಮ ಕಡೆಯ ರೂಢಿ. ಅಲ್ಲಿ ಹಾಗಲ್ಲ, ಆಮ್ಕಾಸ್ ಎರಡನ್ನೂ ಎಣಿಸುತ್ತದೆ. 4 ಕ್ರೆಡಿಟ್ ಆದರೆ 8.0 ಮತ್ತು 16.0 ಸೇರಿ 24.0, ಭಾಗಿಸು 8, ಅಂದರೆ 3.0. ಎಂ.ಡಿ. ಬದಲು ಡಿ.ಒ. ಎಂಬ ವೈದ್ಯ ಪದವಿ ಕೊಡುವ ಆಸ್ಟಿಯೋಪಥಿಕ್ ಕಾಲೇಜುಗಳ ಅರ್ಜಿಯಲ್ಲಿ ಹೊಸ ಗ್ರೇಡ್ ಮಾತ್ರ ಲೆಕ್ಕಕ್ಕಿತ್ತು, 2017ರಲ್ಲಿ ಅದೂ ನಿಂತಿತು. ಆ ಅರ್ಜಿಯ ಸೈನ್ಸ್ ಜಿಪಿಎಯಲ್ಲಿ ಗಣಿತವೂ ಸೇರುವುದಿಲ್ಲ, ಆದ್ದರಿಂದ ಎರಡು ಕಡೆಗೆ ಎರಡು ಲೆಕ್ಕ ಮಾಡಿಡಲಿ.

ಪ್ರಶ್ನೆ: ಮಗ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಪೌರತ್ವವಿದೆ. ಈಗ ಮಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾನೆ. ಇಲ್ಲಿನ ಸಿಜಿಪಿಎಯನ್ನು 4ರ ಅಳತೆಗೆ ತರುವುದು ಹೇಗೆ?
– ಒಬ್ಬ ತಾಯಿ, ಕುಂದಾಪುರ

ಉತ್ತರ: ಆ ಲೆಕ್ಕಕ್ಕೆ ಹಣ ಖರ್ಚು ಮಾಡಬೇಡಿ ಅಮ್ಮಾ. ಅಮೆರಿಕ, ಕೆನಡಾ ಬಿಟ್ಟು ಬೇರೆ ಕಡೆಯ ಅಂಕಪಟ್ಟಿಯನ್ನು ಆಮ್ಕಾಸ್ ಪರಿಶೀಲಿಸುವುದಿಲ್ಲ, ಖಾಸಗಿ ಸಂಸ್ಥೆಗಳು ಪರಿವರ್ತಿಸಿ ಕೊಡುವ ಜಿಪಿಎಯೂ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಪೌರತ್ವ ಇರುವುದರಿಂದ ವೀಸಾದ ತೊಡಕು ತಪ್ಪುತ್ತದೆ, ಅಂಕಪಟ್ಟಿಯ ತೊಡಕು ಹಾಗೆಯೇ ಉಳಿಯುತ್ತದೆ. ಬಿಎಸ್ಸಿ ಮುಗಿಸಿ ಅಲ್ಲಿಗೆ ಹೋಗಿ ಬಯಾಲಜಿ, ಜನರಲ್ ಮತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್‌ಗಳನ್ನು ಲ್ಯಾಬ್ ಸಹಿತ ಅಲ್ಲಿನ ಕಾಲೇಜಿನಲ್ಲಿ ಮಾಡುವುದು, ಇಲ್ಲವೇ ಈಗಲೇ ಅಲ್ಲಿನ ಡಿಗ್ರಿಗೆ ವರ್ಗವಾಗುವುದು, ಎರಡೇ ದಾರಿ. ಅಲ್ಲಿ ಎಷ್ಟು ಕ್ರೆಡಿಟ್ ಓದಿರಬೇಕು ಎಂಬುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಅವನ ಮನಸ್ಸಿನಲ್ಲಿರುವ ಕಾಲೇಜುಗಳ ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು, ಉತ್ತರವನ್ನು ಬರಹದಲ್ಲೇ ಪಡೆದುಕೊಂಡ ಮೇಲೆ ಟಿಕೆಟ್ ಮಾಡಿಸಿ.